‘ನಿನ್ನಂತೆಯೇ’: ವಿಶ್ರಾಂತಿಯ ದೈವಶಾಸ್ತ್ರದ ಮೂರು ಕೃತಿಗಳ ವಿಮರ್ಶೆ

ತುರ್ತಿನ ಕಾಲದಲ್ಲಿ ವಿಶ್ರಾಂತಿಯ ಮಾತೆತ್ತುವುದು ಅನೇಕರಿಗೆ ಅಸಂಗತವಾಗಿ ತೋರಬಹುದು. 2023ರ ಮೇ ತಿಂಗಳಲ್ಲಿ ಮಣಿಪುರದಲ್ಲಿ ಹೊತ್ತಿಕೊಂಡ ಹಿಂಸೆಯಲ್ಲಿ ಮನೆಗಳನ್ನೂ ಪ್ರಾರ್ಥನಾಲಯಗಳನ್ನೂ ಕಳೆದುಕೊಂಡವರ ಕಣ್ಣೀರು ಆರಿಲ್ಲ. ಮುಂಗಾರು ತನ್ನ ಕಾಲ ತಪ್ಪಿ ಒಮ್ಮೆ ಬರವನ್ನೂ ಒಮ್ಮೆ ನೆರೆಯನ್ನೂ ತರುತ್ತಿದೆ. ಊರಿನಲ್ಲಿ ಕೆಲಸ ಕಾಣದೆ ನಮ್ಮ ಸಭೆಗಳ ಯುವಜನರು ನಗರಗಳ ದಾರಿ ಹಿಡಿಯುತ್ತಿದ್ದಾರೆ. ಸಭಾಪಾಲಕರಾದವರು ಭಾನುವಾರ ಮೂರು ಕಡೆ ಆರಾಧನೆ ನಡೆಸಿ, ಸೋಮವಾರ ಶವಸಂಸ್ಕಾರಕ್ಕೆ ಹೋಗಿ, ಮಂಗಳವಾರ ಸಭೆಯ ಆಸ್ತಿಯ ವ್ಯಾಜ್ಯಕ್ಕಾಗಿ ನ್ಯಾಯಾಲಯದ ಬಾಗಿಲಲ್ಲಿ ನಿಲ್ಲುತ್ತಾರೆ. ಇಂಥವರ ಮುಂದೆ ‘ನಿಧಾನಿಸಿರಿ’ ಎಂದು ಉಪದೇಶಿಸುವುದು ಸುಲಭವಲ್ಲ.

ಆದರೂ ಆ ಉಪದೇಶಕ್ಕೆ ಇಂದು ಕೊರತೆಯಿಲ್ಲ. ಕೆಲವು ವರ್ಷಗಳ ಹಿಂದೆ ಸಭಾಪಾಲಕರಿಗಾಗಿ ಏರ್ಪಡಿಸಿದ್ದ ವಿಶ್ರಾಂತಿ ಶಿಬಿರವೊಂದರಲ್ಲಿ ನಾವೂ ಪಾಲ್ಗೊಂಡಿದ್ದೆವು. ಮೂರು ದಿನಗಳ ಮೌನ, ಧ್ಯಾನ, ಸತ್ಯವೇದ ಅಧ್ಯಯನ; ಸಬ್ಬತ್ ಅಲ್ಲಿನ ವಿಷಯ. ಎರಡನೆಯ ದಿನ ಬೆಳಗಿನ ಜಾವ ನಿದ್ದೆ ಬಾರದೆ ಹೊರಗೆ ಬಂದಾಗ ಅಡುಗೆಮನೆಯಲ್ಲಿ ದೀಪ ಉರಿಯುತ್ತಿತ್ತು. ಇಬ್ಬರು ಹೆಂಗಸರು ಅರವತ್ತು ಜನರ ತಿಂಡಿಗಾಗಿ ತೆಂಗಿನಕಾಯಿ ತುರಿಯುತ್ತಿದ್ದರು. ಮಾತನಾಡಿಸಿದಾಗ ಅವರಲ್ಲೊಬ್ಬರು, “ಶಿಬಿರ ಇದ್ದಾಗ ನಮಗೆ ಭಾನುವಾರವೂ ಇಲ್ಲ, ಅಯ್ಯನವರೇ” ಎಂದರು. ಅದರಲ್ಲಿ ದೂರಿನ ಧ್ವನಿಯಿರಲಿಲ್ಲ. ಇದ್ದದ್ದನ್ನು ಇದ್ದಂತೆ ಹೇಳಿದರು. ಅದೇ ದಿನ ಮಧ್ಯಾಹ್ನ ನಾವೆಲ್ಲರೂ ಸೇರಿ ಧರ್ಮೋಪದೇಶಕಾಂಡದ ಐದನೆಯ ಅಧ್ಯಾಯವನ್ನು ಓದಿದೆವು. ದಾಸನೂ ದಾಸಿಯೂ ವಿಶ್ರಮಿಸಬೇಕೆಂಬ ವಚನ ಬಂದಾಗ ಯಾರೂ ಅಡುಗೆಮನೆಯ ಕಡೆಗೆ ನೋಡಲಿಲ್ಲ. ನಾವೂ ಬಾಯಿ ತೆರೆಯಲಿಲ್ಲ.

ಆ ಮೌನದಿಂದ ಹುಟ್ಟಿದ ಪ್ರಶ್ನೆಯನ್ನು ಹಿಡಿದು ಈ ಲೇಖನದಲ್ಲಿ ವಿಶ್ರಾಂತಿಯ ದೈವಶಾಸ್ತ್ರದ ಮೂರು ಪ್ರಸಿದ್ಧ ಕೃತಿಗಳನ್ನು ಓದಲು ಯತ್ನಿಸಿದ್ದೇವೆ. ಅವು ಅಬ್ರಹಾಮ್ ಜೋಶುವ ಹೆಶಲ್ ಅವರ ‘ದಿ ಸಬ್ಬತ್’ (1951), ಕೊಸುಕೆ ಕೊಯಾಮ ಅವರ ‘ತ್ರೀ ಮೈಲ್ ಆ್ಯನ್ ಅವರ್ ಗಾಡ್’ (1979), ವಾಲ್ಟರ್ ಬ್ರೂಗೆಮನ್ ಅವರ ‘ಸಬ್ಬತ್ ಆ್ಯಸ್ ರೆಸಿಸ್ಟೆನ್ಸ್’ (2014). ಮೂರೂ ನಮ್ಮ ದೈವಶಾಸ್ತ್ರ ಶಿಕ್ಷಣಕ್ಕೆ ಬೇಕಾದ ಪುಸ್ತಕಗಳು. ಇವುಗಳ ಋಣ ನಮ್ಮ ಮೇಲಿದೆ. ಆದರೆ ಮೂರನ್ನೂ ಒಂದೇ ಒರೆಗಲ್ಲಿಗೆ ಹಚ್ಚಿ ನೋಡುವುದು ಅಗತ್ಯ: ಒಬ್ಬನು ವಿಶ್ರಮಿಸುವಾಗ ಅವನ ಪಾಲಿನ ಕೆಲಸ ಯಾರ ಹೆಗಲಿಗೆ ಬೀಳುತ್ತದೆ?

1. ಹೆಶಲ್: ಕಾಲದ ಪಾವಿತ್ರ್ಯ

ಹೆಶಲ್ 1907ರಲ್ಲಿ ವಾರ್ಸಾ ನಗರದಲ್ಲಿ, ಹಸೀದೀ ಗುರುಗಳ ವಂಶದಲ್ಲಿ ಹುಟ್ಟಿದವರು. ನಾಜಿಗಳ ಕೈಯಿಂದ ಪಾರಾಗಿ 1940ರಲ್ಲಿ ಅಮೆರಿಕ ಸೇರಿದರು. ಅವರ ತಾಯಿ, ಸಹೋದರಿಯರು ಆ ಮಹಾಸಂಹಾರದ ಕಾಲದಲ್ಲಿ ಜೀವ ತೆತ್ತರು. ಯುದ್ಧ ಮುಗಿದು ಆರು ವರ್ಷ ತುಂಬುವಾಗ ಅವರು ಬರೆದ ಈ ಚಿಕ್ಕ ಪುಸ್ತಕದಲ್ಲಿ ಸೇಡಿನ ಮಾತಿಲ್ಲ. ಯೆಹೂದ್ಯರ ಪ್ರಾರ್ಥನಾಲಯಗಳು ಸುಟ್ಟುಹೋದ ಮೇಲೆ, ಸುಡಲಾಗದ ಆಲಯವೊಂದನ್ನು ಅವರು ತೋರಿಸುತ್ತಾರೆ. ಆ ಆಲಯ ಕಟ್ಟಿರುವುದು ಕಲ್ಲಿನಿಂದಲ್ಲ, ಕಾಲದಿಂದ. ಸತ್ಯವೇದದಲ್ಲಿ ದೇವರು ಮೊಟ್ಟಮೊದಲು ಪರಿಶುದ್ಧಗೊಳಿಸಿದ್ದು ಬೆಟ್ಟವನ್ನಲ್ಲ, ಬಲಿಪೀಠವನ್ನಲ್ಲ, ಏಳನೆಯ ದಿನವನ್ನು (ಆದಿಕಾಂಡ 2:3) ಎಂಬ ಅವರ ಅವಲೋಕನ ನಮ್ಮ ಬೋಧನಾಪೀಠಗಳಲ್ಲಿ ಇನ್ನೂ ಸಾಕಷ್ಟು ಕೇಳಿಬಂದಿಲ್ಲ. ಹೊಸ ದೇವಾಲಯ, ಹೊಸ ಗೋಪುರ, ಹೊಸ ಸಭಾಂಗಣ ಎಂದು ಸ್ಥಳವನ್ನು ಕಟ್ಟುವುದರಲ್ಲೇ ಬಲವನ್ನು ವ್ಯಯಿಸುವ ನಮ್ಮ ಸಭೆಗಳಿಗೆ ಈ ಮಾತು ಚಿಕಿತ್ಸೆಯಂತಿದೆ.

ಹೆಶಲ್ ಅವರ ವಾದದಲ್ಲಿ ನಮಗೆ ಒಂದು ತೊಡಕು ಕಾಣುತ್ತದೆ. ಕಾಲವನ್ನು ಸ್ಥಳಕ್ಕಿಂತ ಮೇಲೇರಿಸುವ ಅವರ ಉತ್ಸಾಹದಲ್ಲಿ, ವಿಶ್ರಮಿಸುವುದಕ್ಕೂ ಒಂದು ಸ್ಥಳ ಬೇಕು ಎಂಬ ಸರಳ ಸತ್ಯ ಹಿಂದೆ ಸರಿಯುತ್ತದೆ. ಬೆಂಗಳೂರಿನ ಕಟ್ಟಡ ಕಾಮಗಾರಿಯ ಪಕ್ಕದಲ್ಲಿ ತಗಡಿನ ಶೆಡ್ಡಿನೊಳಗೆ ಬದುಕುವ ಕುಟುಂಬಕ್ಕೆ ಕಾಲದೊಳಗಿನ ಅರಮನೆಗೆ ಪ್ರವೇಶ ಎಲ್ಲಿಂದ? ಏಪ್ರಿಲ್ ತಿಂಗಳ ಮಧ್ಯಾಹ್ನ ಆ ತಗಡಿನ ಅಡಿಯಲ್ಲಿ ಮಲಗಲಾಗದು. ಬಿಡುವಿನ ದಿನವಿದ್ದರೂ ಅಲ್ಲಿ ದಣಿವು ಆರುವುದಿಲ್ಲ. ದಿನವನ್ನು ಪರಿಶುದ್ಧವೆಂದು ಸಾರಿದವರು ಆ ದಿನ ಕಾಲು ಚಾಚಲು ನೆರಳಿಲ್ಲದವರ ವಿಚಾರವನ್ನೂ ಎತ್ತಿಕೊಳ್ಳಬೇಕಾಗುತ್ತದೆ.

ಹೀಗೆಂದರೂ ಹೆಶಲ್ ನಿಂತಿರುವ ಪರಂಪರೆ ಈ ವಿಷಯದಲ್ಲಿ ನಮಗಿಂತ ಎಚ್ಚರವಾಗಿದೆ ಎಂಬುದನ್ನು ಒಪ್ಪಬೇಕು. ಮಿಷ್ನಾದಲ್ಲಿ ಸಬ್ಬತ್ ದಿನ ಮಾಡಬಾರದ 39 ಬಗೆಯ ಕೆಲಸಗಳ ಪಟ್ಟಿಯಿದೆ. ಬೆಂಕಿ ಹೊತ್ತಿಸುವುದು, ರೊಟ್ಟಿ ಬೇಯಿಸುವುದು ಆ ಪಟ್ಟಿಯಲ್ಲಿ ಸೇರಿವೆ. ನಾವು ಇಂಥ ನಿಯಮಗಳನ್ನು ‘ಧರ್ಮಶಾಸ್ತ್ರದ ನೊಗ’ ಎಂದು ಹಗುರವಾಗಿ ತಳ್ಳಿಹಾಕುತ್ತೇವೆ. ಆದರೆ ಆ ನಿಯಮ ಒಲೆಯನ್ನೇ ಆರಿಸಿಬಿಡುತ್ತದೆ. ಹಿಂದಿನ ದಿನದ ದುಡಿಮೆ ಹೆಚ್ಚುತ್ತದೆಂಬುದು ನಿಜ; ಆದರೂ ಆ ದಿನ ಅಡುಗೆಮನೆಗೂ ವಿಶ್ರಾಂತಿ. ನಮ್ಮ ಕ್ರೈಸ್ತ ಮನೆಗಳ ಭಾನುವಾರವನ್ನು ಇದರ ಪಕ್ಕದಲ್ಲಿಟ್ಟು ನೋಡೋಣ. ಆರಾಧನೆ ಮುಗಿಸಿ ಬಂದ ಗಂಡಸರು ಪತ್ರಿಕೆ ಹಿಡಿದು ಕೂರುತ್ತಾರೆ; ವಾರದಲ್ಲೇ ಭಾರವಾದ ಅಡುಗೆ ಅಂದು ಆರಂಭವಾಗುತ್ತದೆ. ಕರ್ತನ ದಿನದ ಬಿರಿಯಾನಿಯ ಹಿಂದೆ ಯಾರ ಬೆವರಿದೆ ಎಂಬುದು ನಮ್ಮ ದೈವಶಾಸ್ತ್ರದ ಪ್ರಶ್ನೆಯಾಗಿ ಎಂದೂ ಬಂದಿಲ್ಲ.

2. ಬ್ರೂಗೆಮನ್: ಫರೋಹನ ಇಟ್ಟಿಗೆಗಳು

2025ರ ಜೂನ್‌ನಲ್ಲಿ ತೀರಿಕೊಂಡ ಬ್ರೂಗೆಮನ್ ಹಳೆಯ ಒಡಂಬಡಿಕೆಯ ವಿದ್ವಾಂಸರಲ್ಲಿ ನಮ್ಮ ವಿದ್ಯಾರ್ಥಿಗಳಿಗೆ ಹೆಚ್ಚು ಪರಿಚಿತರು. ಹೆಶಲ್ ಅವರ ದೃಷ್ಟಿ ಆದಿಕಾಂಡದ ಮೇಲೆ ನೆಲೆಸಿದರೆ ಇವರ ದೃಷ್ಟಿ ವಿಮೋಚನಕಾಂಡದ ಮೇಲಿದೆ. ಐದನೆಯ ಅಧ್ಯಾಯದಲ್ಲಿ ಫರೋಹನು ಹುಲ್ಲು ಕೊಡುವುದನ್ನು ನಿಲ್ಲಿಸಿ, ಇಟ್ಟಿಗೆಗಳ ಲೆಕ್ಕವನ್ನು ಮಾತ್ರ ಇಳಿಸದೆ ಉಳಿಸುತ್ತಾನೆ. ವಿರಾಮ ಕೇಳಿದವರನ್ನು ಸೋಮಾರಿಗಳೆಂದು ಜರೆಯುತ್ತಾನೆ. ಅಂಥ ವ್ಯವಸ್ಥೆಯಲ್ಲಿ ದಾಸರಿಗೂ ವಿಶ್ರಾಂತಿಯಿಲ್ಲ, ಅವರನ್ನು ದುಡಿಸುವವರಿಗೂ ಇಲ್ಲ, ಐಗುಪ್ತದ ದೇವತೆಗಳಿಗೂ ಇಲ್ಲ. ಅಲ್ಲಿಂದ ಹೊರಡಿಸಿ ತಂದ ಜನರಿಗೆ ಯೆಹೋವನು ಏಳನೆಯ ದಿನವನ್ನು ಕೊಡುತ್ತಾನೆ. ಏಕೆಂದರೆ ಯೆಹೋವನು ಸ್ವತಃ ವಿಶ್ರಮಿಸಬಲ್ಲ ದೇವರು. ಸಬ್ಬತ್ತನ್ನು ಒಂದನೆಯ ಆಜ್ಞೆಯೊಡನೆಯೂ ಹತ್ತನೆಯ ಆಜ್ಞೆಯೊಡನೆಯೂ ಹೆಣೆದು, ಅದು ವಿಗ್ರಹಾರಾಧನೆಗೂ ದುರಾಶೆಗೂ ಎದುರಾದ ಪ್ರತಿರೋಧವೆಂದು ಬ್ರೂಗೆಮನ್ ತೋರಿಸುವ ಬಗೆ ಮನಮುಟ್ಟುವಂತಿದೆ. ಅಮಾವಾಸ್ಯೆಯೂ ಸಬ್ಬತ್ತೂ ಯಾವಾಗ ಕಳೆದಾವು, ಧಾನ್ಯ ಯಾವಾಗ ಮಾರೇವು ಎಂದು ಚಡಪಡಿಸುವ ವರ್ತಕರನ್ನು ಆಮೋಸನ ಎಂಟನೆಯ ಅಧ್ಯಾಯದಲ್ಲಿ ಅವರು ಗುರುತಿಸುತ್ತಾರೆ. ಅವರ ದೇಹ ಅಂಗಡಿಯ ಹೊರಗಿದ್ದರೂ ಮನಸ್ಸು ತಕ್ಕಡಿಯಲ್ಲೇ ಇರುತ್ತದೆ.

ಈ ವಾಚನ ನಮ್ಮ ನಾಡಿಗೆ ಎಷ್ಟು ಹೊಂದುತ್ತದೆ ಎಂಬುದಕ್ಕೆ ದೂರ ಹೋಗಬೇಕಿಲ್ಲ. 2020ರ ಮಾರ್ಚ್ 25ರಂದು ದೇಶವೇ ಸ್ತಬ್ಧವಾಯಿತು. ಕೆಲವರು ಅದನ್ನು ಲೋಕಕ್ಕೆ ದೊರೆತ ಸಬ್ಬತ್ ಎಂದು ಬಣ್ಣಿಸಿದರು. ಆದರೆ ಮೇ ತಿಂಗಳ ಮೊದಲ ವಾರದಲ್ಲಿ, ವಲಸೆ ಕಾರ್ಮಿಕರು ಊರಿಗೆ ಹೊರಡಲು ಕಾಯುತ್ತಿದ್ದಾಗ, ಕಟ್ಟಡ ನಿರ್ಮಾಣ ಉದ್ಯಮಿಗಳೊಡನೆ ಸಭೆ ನಡೆಸಿದ ರಾಜ್ಯ ಸರ್ಕಾರ ಅವರ ವಿಶೇಷ ರೈಲುಗಳನ್ನು ರದ್ದುಗೊಳಿಸುವಂತೆ ಕೋರಿತು. ಎಲ್ಲೆಡೆಯಿಂದ ಟೀಕೆ ಬಂದ ಮೇಲೆ ಆ ನಿರ್ಧಾರವನ್ನು ಕೈಬಿಟ್ಟಿತು. ಜನರನ್ನು ಹೋಗಗೊಡಲು ಒಲ್ಲದ ಅರಸನ ಕಥೆಯನ್ನು ಆ ದಿನಗಳಲ್ಲಿ ಓದಿದವರಿಗೆ ವ್ಯಾಖ್ಯಾನ ಗ್ರಂಥದ ಅಗತ್ಯ ಬೀಳಲಿಲ್ಲ. ಮೂರು ವರ್ಷಗಳ ಬಳಿಕ, 2023ರಲ್ಲಿ, ಕಾರ್ಖಾನೆಗಳ ಕಾಯ್ದೆಗೆ ರಾಜ್ಯದಲ್ಲಿ ತಿದ್ದುಪಡಿ ತಂದು ದಿನದ ದುಡಿಮೆಯನ್ನು 12 ಗಂಟೆಗಳವರೆಗೆ ಹಿಗ್ಗಿಸಲು ಅವಕಾಶ ಕಲ್ಪಿಸಲಾಯಿತು. ವಾರದ ಒಟ್ಟು ಮಿತಿ 48 ಗಂಟೆಯಾಗಿಯೇ ಉಳಿಯಿತು. ದಿನಗಳು ಉದ್ದವಾದರೆ ರಜೆಗಳು ಹೆಚ್ಚುತ್ತವೆ ಎಂಬುದು ತಿದ್ದುಪಡಿಯ ಪರವಾದ ವಾದ. ಆ ವಾದವನ್ನು ಕೇಳಿಸಿಕೊಳ್ಳೋಣ. ಆದರೆ 12 ಗಂಟೆ ನಿಂತು ದುಡಿದು ಮನೆಗೆ ಬಂದು ಮತ್ತೆ ಒಲೆ ಹಚ್ಚಬೇಕಾದ ಹೆಣ್ಣುಮಗಳ ದಿನ ಎಷ್ಟು ಗಂಟೆಯದು ಎಂದೂ ಕೇಳೋಣ.

ಇಷ್ಟು ಹೊಂದಿಕೆಯಿದ್ದೂ ಬ್ರೂಗೆಮನ್ ಅವರ ಶೀರ್ಷಿಕೆಯಲ್ಲಿರುವ ‘ಪ್ರತಿರೋಧ’ ಎಂಬ ಮಾತಿನ ಬಗ್ಗೆ ನಮಗೆ ಒಂದು ಅನುಮಾನವಿದೆ. ಅವರು ಮುಖ್ಯವಾಗಿ ಅಮೆರಿಕದ ಮಧ್ಯಮ ವರ್ಗದ ವಿಶ್ವಾಸಿಗಳನ್ನು ಉದ್ದೇಶಿಸಿ ಬರೆದಿದ್ದಾರೆ. ಆ ಓದುಗರು ಮಿತಿಯಿಲ್ಲದ ಕೊಳ್ಳುವಿಕೆಗೂ ಪೈಪೋಟಿಗೂ ‘ಒಲ್ಲೆ’ ಎನ್ನಬಲ್ಲರು. ಆದರೆ ಮೂರು ಮನೆಗಳಲ್ಲಿ ಪಾತ್ರೆ ತೊಳೆಯುವಾಕೆ ಒಂದು ದಿನ ‘ಒಲ್ಲೆ’ ಎಂದರೆ ಅವಳ ಸಂಬಳ ಕಡಿತವಾಗುತ್ತದೆ. ಎರಡು ದಿನ ಎಂದರೆ ಕೆಲಸವೇ ಹೋಗುತ್ತದೆ. ಅವಳ ವಿಶ್ರಾಂತಿ ಅವಳ ಸಂಕಲ್ಪದಲ್ಲಿಲ್ಲ. ಅದು ಮನೆಯೊಡತಿಯ ಕೈಯಲ್ಲಿದೆ. ಆದ್ದರಿಂದ ನಾವು ಮೊದಲು ಕೇಳಬೇಕಾದದ್ದು, ಯಾರು ಯಾರನ್ನು ಬಿಡುಗಡೆ ಮಾಡಬೇಕು ಎಂಬುದನ್ನು. ಪ್ರತಿರೋಧದ ಮಾತು ಅದರ ನಂತರ ಬರುತ್ತದೆ. ಧರ್ಮೋಪದೇಶಕಾಂಡದ ಆಜ್ಞೆಯೂ ಈ ಕ್ರಮದಲ್ಲೇ ಇದೆ ಎಂಬುದನ್ನು ಮುಂದೆ ನೋಡೋಣ.

3. ಕೊಯಾಮ: ನಡಿಗೆಯ ವೇಗ

ಟೋಕಿಯೊ ನಗರದಲ್ಲಿ 1929ರಲ್ಲಿ ಹುಟ್ಟಿದ ಕೊಯಾಮ ಯುದ್ಧದ ನಡುವೆ, ಶತ್ರುಗಳ ಮತವೆಂದು ಎಣಿಸಲಾಗುತ್ತಿದ್ದ ಕ್ರೈಸ್ತಮತದಲ್ಲಿ ದೀಕ್ಷಾಸ್ನಾನ ಪಡೆದವರು. 1960ರಲ್ಲಿ ಮಿಷನರಿಯಾಗಿ ಥಾಯ್ಲೆಂಡಿಗೆ ಹೋಗಿ ಚಿಯಾಂಗ್ ಮಾಯ್‌ನ ದೈವಶಾಸ್ತ್ರ ಶಾಲೆಯಲ್ಲಿ ಕಲಿಸಿದರು. ಗದ್ದೆಯ ಕೆಸರಿನಲ್ಲಿ ನಿಂತ ಕೋಣಗಳನ್ನು ಕಂಡು ತಮ್ಮ ಬೋಧನೆಯ ಭಾಷೆಯನ್ನೇ ಬದಲಿಸಿಕೊಂಡ ಈ ಗುರುವಿನ ಬರಹಗಳು ಏಷ್ಯಾದ ಓದುಗರಿಗೆ ಆಪ್ತವಾಗಿ ಕೇಳಿಸುತ್ತವೆ. ‘ತ್ರೀ ಮೈಲ್ ಆ್ಯನ್ ಅವರ್ ಗಾಡ್’ ಸಂಕಲನದ ಶೀರ್ಷಿಕೆ ಲೇಖನದಲ್ಲಿ ಅವರು ಅರಣ್ಯದ ನಾಲ್ವತ್ತು ವರ್ಷಗಳನ್ನು ಧ್ಯಾನಿಸುತ್ತಾರೆ. ಒಂದು ಪಾಠವನ್ನು ಕಲಿಸಲು ದೇವರು ನಾಲ್ವತ್ತು ವರ್ಷ ತೆಗೆದುಕೊಂಡನು. ಮನುಷ್ಯನ ನಡಿಗೆಯ ವೇಗಕ್ಕೆ, ಗಂಟೆಗೆ ಮೂರು ಮೈಲಿಗೆ, ತನ್ನ ವೇಗವನ್ನು ಇಳಿಸಿಕೊಂಡನು. ಪ್ರೀತಿ ಅದಕ್ಕಿಂತ ಬೇಗ ನಡೆಯಲಾರದು ಎಂಬುದು ಅವರ ವಾದದ ತಿರುಳು. ಹಳ್ಳಿಯಿಂದ ಹಳ್ಳಿಗೆ ನಡೆದು ಸಭಾಸಂದರ್ಶನ ಮಾಡಿದ ಹಿಂದಿನ ತಲೆಮಾರಿನ ಉಪದೇಶಕರನ್ನು ಬಲ್ಲವರಿಗೆ ಇದು ಅನುಭವದ ಮಾತು. ಮೋಟಾರು ಸೈಕಲ್ಲಿನಲ್ಲಿ ಹೋಗುವ ಸಭಾಪಾಲಕರಿಗೆ ದಾರಿಯ ಬದಿಯ ಮನೆಗಳು ಕಾಣುತ್ತವೆ. ಆದರೆ ಆ ಮನೆಯೊಳಗಿನ ಕೆಮ್ಮು ಕೇಳುವುದಿಲ್ಲ.

ಕೊಯಾಮರ ರೂಪಕವನ್ನು ಪರೀಕ್ಷಿಸಲು ಮತ್ತೆ 2020ಕ್ಕೆ ಹೋಗಬೇಕಾಗಿದೆ. ಆ ಬೇಸಿಗೆಯಲ್ಲಿ ಹೆದ್ದಾರಿಗಳ ಮೇಲೆ ಗಂಟುಮೂಟೆ ಹೊತ್ತು, ಮಕ್ಕಳನ್ನು ಹೆಗಲಿಗೇರಿಸಿ ನಡೆದವರೂ ಗಂಟೆಗೆ ಮೂರು ಮೈಲಿಯಂತೆ ನಡೆದರು. ಅವರ ನಿಧಾನ ಯಾವ ಧ್ಯಾನದ ಫಲವೂ ಅಲ್ಲ. ಬಸ್ಸು ಸಿಗದವರ ನಿಧಾನ ಅದು. ನಿಧಾನವೆಲ್ಲ ವಿಶ್ರಾಂತಿಯಲ್ಲ, ನಿಂತದ್ದೆಲ್ಲ ಸಬ್ಬತ್ ಅಲ್ಲ. ಈ ಮಾತು ಕೊಯಾಮರನ್ನು ಅಲ್ಲಗಳೆಯುವುದಿಲ್ಲ. ಅವರು ಆರಿಸಿಕೊಂಡ ಅರಣ್ಯದ ಕಥೆಯನ್ನು ಇನ್ನಷ್ಟು ಹತ್ತಿರದಿಂದ ಓದುವಂತೆ ಒತ್ತಾಯಿಸುತ್ತದೆ. ಅರಣ್ಯದಲ್ಲಿ ನಡೆದ ಜನರಿಗೆ ಸಬ್ಬತ್ ದೊರೆತದ್ದು ಸೀನಾಯಿ ಬೆಟ್ಟಕ್ಕೆ ಬರುವ ಮುನ್ನವೇ, ವಿಮೋಚನಕಾಂಡದ ಹದಿನಾರನೆಯ ಅಧ್ಯಾಯದಲ್ಲಿ, ಮನ್ನದೊಡನೆ. ಆರನೆಯ ದಿನ ಎರಡು ದಿನಗಳ ಆಹಾರ ಸಿಕ್ಕಿತು. ಆದ್ದರಿಂದ ಏಳನೆಯ ದಿನ ಕೂರಲು ಸಾಧ್ಯವಾಯಿತು. ದೇವರು ಅನ್ನವನ್ನು ಮುಂದಾಗಿ ಕೊಟ್ಟು ಆಮೇಲೆ ವಿಶ್ರಾಂತಿಯನ್ನು ವಿಧಿಸಿದನು. ಈ ಕ್ರಮವನ್ನು ತಲೆಕೆಳಗು ಮಾಡಿ ಹಸಿದವರಿಗೆ ನಿಧಾನವನ್ನು ಬೋಧಿಸುವುದು ಕೊಯಾಮರ ದೇವರ ದಾರಿಯಲ್ಲ.

4. ಒಂದು ಕ್ರಿಯಾಪದ, ಮೂರು ಸ್ಥಳಗಳು

ಮೂರು ಕೃತಿಗಳಲ್ಲಿಯೂ ಸಡಿಲವಾಗಿ ಉಳಿದ ಎಳೆಯನ್ನು ಸತ್ಯವೇದದ ಮೂಲಭಾಷೆ ಬಿಗಿಯಾಗಿ ಹಿಡಿದಿದೆ. ಇಬ್ರಿಯ ಭಾಷೆಯಲ್ಲಿ ‘ನೆಫೆಶ್’ ಎಂದರೆ ಪ್ರಾಣ, ಗಂಟಲು, ಉಸಿರು. ಇದೇ ಧಾತುವಿನ ಕ್ರಿಯಾಪದ, ‘ಉಸಿರು ಪಡೆದುಕೊಳ್ಳು, ದಣಿವಾರಿಸಿಕೊಳ್ಳು’ ಎಂಬ ಅರ್ಥದಲ್ಲಿ, ಇಡೀ ಹಳೆಯ ಒಡಂಬಡಿಕೆಯಲ್ಲಿ ಮೂರೇ ಸಲ ಬರುತ್ತದೆ.

ಒಂದು, ವಿಮೋಚನಕಾಂಡ 31:17. ಅಲ್ಲಿ ಕರ್ತೃ ದೇವರೇ. ಆರು ದಿನಗಳ ಸೃಷ್ಟಿಕಾರ್ಯದ ನಂತರ ಆತನು ಉಸಿರು ಪಡೆದುಕೊಂಡನು. ದೇವರ ಕುರಿತು ಇಷ್ಟು ದೇಹಸ್ಥವಾದ ಮಾತನ್ನು ಆಡಲು ಶಾಸ್ತ್ರ ಹಿಂಜರಿಯುವುದಿಲ್ಲ.

ಎರಡು, ವಿಮೋಚನಕಾಂಡ 23:12. ಅಲ್ಲಿ ಎತ್ತೂ ಕತ್ತೆಯೂ ವಿಶ್ರಮಿಸಬೇಕು. ದಾಸಿಯ ಮಗನೂ ಪರದೇಶಿಯೂ ಉಸಿರು ಪಡೆದುಕೊಳ್ಳಬೇಕು. ದೇವರಿಗೆ ಬಳಸಿದ ಕ್ರಿಯಾಪದವನ್ನೇ ಮನೆಯ ಪಂಕ್ತಿಯಲ್ಲಿ ಅತ್ಯಂತ ಕೆಳಗಿರುವವನಿಗೆ ಬಳಸಲಾಗಿದೆ. ಯಜಮಾನನಿಗೆ ಆ ಪದ ಇಲ್ಲಿ ದೊರೆಯುವುದಿಲ್ಲ. ಯಜಮಾನನು ಯಾಕೆ ಕೆಲಸ ನಿಲ್ಲಿಸಬೇಕು? ದಾಸಿಯ ಮಗನ ಉಸಿರಿಗಾಗಿ.

ಮೂರು, ಎರಡನೆಯ ಸಮುವೇಲ 16:14. ಅಬ್ಷಾಲೋಮನ ದಂಗೆಗೆ ಹೆದರಿ ದಾವೀದನು ಯೆರೂಸಲೇಮನ್ನು ಬಿಟ್ಟು ಓಡುತ್ತಿದ್ದಾನೆ. ದಾರಿಯಲ್ಲಿ ಶಿಮ್ಮೀ ಶಪಿಸುತ್ತ ಕಲ್ಲೆಸೆದಿದ್ದಾನೆ. ಅರಸನೂ ಅವನೊಂದಿಗಿದ್ದ ಜನರೆಲ್ಲರೂ ದಣಿದು ಒಂದು ಕಡೆ ತಲುಪುತ್ತಾರೆ; ಅಲ್ಲಿ ಅವನು ದಣಿವಾರಿಸಿಕೊಳ್ಳುತ್ತಾನೆ. ಇದಕ್ಕಿಂತ ತುರ್ತಿನ ಗಳಿಗೆ ಇನ್ನೊಂದಿದೆಯೇ? ಶತ್ರು ಬೆನ್ನಟ್ಟಿ ಬರುತ್ತಿರುವಾಗಲೂ ಆ ದಣಿದ ಗುಂಪು ಸ್ವಲ್ಪ ಹೊತ್ತು ಒಟ್ಟಾಗಿ ನಿಲ್ಲುತ್ತದೆ. ನಿಂತದ್ದರಿಂದಲೇ ಮುಂದೆ ಯೊರ್ದನ್ ಹೊಳೆಯನ್ನು ದಾಟುತ್ತದೆ.

ಸೃಷ್ಟಿಕರ್ತ, ದಾಸಿಯ ಮಗ, ಓಡುತ್ತಿರುವ ಗುಂಪು: ಈ ಮೂವರಿಗೆ ಒಂದೇ ಉಸಿರು. ಇನ್ನು ಧರ್ಮೋಪದೇಶಕಾಂಡ 5:14ಕ್ಕೆ ಬಂದರೆ, ಆಜ್ಞೆಯ ಉದ್ದೇಶವನ್ನು ಹೇಳುವ ವಾಕ್ಯ ಒಂದೇ ಪದದಲ್ಲಿ ಮುಗಿಯುತ್ತದೆ: ‘ಕಾಮೋಖಾ’, ‘ನಿನ್ನಂತೆಯೇ’. ದಾಸನೂ ದಾಸಿಯೂ ನಿನ್ನಂತೆಯೇ ವಿಶ್ರಮಿಸಬೇಕು. ಇದೇ ಪದ ಯಾಜಕಕಾಂಡ 19:18ರಲ್ಲಿ, ನೆರೆಯವನನ್ನು ನಿನ್ನಂತೆಯೇ ಪ್ರೀತಿಸು ಎಂಬ ಆಜ್ಞೆಯಲ್ಲಿದೆ. ಎರಡನ್ನೂ ಸೇರಿಸಿ ಓದಿದರೆ, ನೆರೆಯವನ ಮೇಲಿನ ಪ್ರೀತಿಗೆ ವಾರಕ್ಕೊಮ್ಮೆ ನಡೆಯುವ ಪರೀಕ್ಷೆಯೇ ಸಬ್ಬತ್. ಒಂದು ಅಂಶವನ್ನು ಇಲ್ಲಿ ಮುಚ್ಚಿಡಬಾರದು. ಆ ವಚನದ ಪಟ್ಟಿಯಲ್ಲಿ ಮಗ, ಮಗಳು, ದಾಸ, ದಾಸಿ, ಎತ್ತು, ಕತ್ತೆ, ಪರದೇಶಿ ಎಲ್ಲರೂ ಇದ್ದಾರೆ, ಹೆಂಡತಿಯ ಹೆಸರಿಲ್ಲ. ‘ನೀನು’ ಎಂಬುದರಲ್ಲೇ ಆಕೆಯೂ ಸೇರಿದ್ದಾಳೆ ಎಂದು ವ್ಯಾಖ್ಯಾನಿಸಬಹುದು, ಹಾಗೆ ವ್ಯಾಖ್ಯಾನಿಸುವುದೇ ಸರಿ. ಆದರೆ ನಮ್ಮ ಮನೆಗಳ ಭಾನುವಾರ ಆ ವ್ಯಾಖ್ಯಾನಕ್ಕೆ ಸಾಕ್ಷಿ ಹೇಳುತ್ತಿಲ್ಲ.

5. ನಮ್ಮ ನೆಲದಲ್ಲಿ

ಈ ತಿಳಿವಳಿಕೆ ಇಸ್ರಾಯೇಲಿಗೆ ಮಾತ್ರ ಸೇರಿದ್ದೆಂದು ಭಾವಿಸಿದರೆ ನಾವು ನಮ್ಮ ನೆರೆಯವರನ್ನು ನೋಡಿಲ್ಲ ಎಂದರ್ಥ. ಕರ್ನಾಟಕದ ಅನೇಕ ಕಡೆ ರೈತರು ಸೋಮವಾರ ಎತ್ತುಗಳಿಗೆ ನೊಗ ಹೂಡುವುದಿಲ್ಲ. ತುಳುನಾಡಿನಲ್ಲಿ ಕೆಡ್ಡಸದ ಮೂರು ದಿನ ಭೂಮಿಯನ್ನು ಅಗೆಯುವುದಿಲ್ಲ, ಉಳುವುದಿಲ್ಲ. ಅವರ ನಂಬಿಕೆಯ ಆಧಾರ ಬೇರೆ. ಅದನ್ನು ನಮ್ಮದೆಂದು ಕಸಿದುಕೊಳ್ಳುವ ಹಕ್ಕು ನಮಗಿಲ್ಲ. ಆದರೆ ಎತ್ತಿಗೂ ನೆಲಕ್ಕೂ ವಿಶ್ರಾಂತಿ ಬೇಕೆಂಬುದನ್ನು ಧರ್ಮೋಪದೇಶಕಾಂಡ ಓದದೆಯೇ ಅವರು ಪಾಲಿಸಿದ್ದಾರೆ. ಓದಿದ ನಾವು ಪಾಲಿಸಿಲ್ಲ. ಹನ್ನೆರಡನೆಯ ಶತಮಾನದ ಶರಣ ಆಯ್ದಕ್ಕಿ ಮಾರಯ್ಯನು ಒಂದು ದಿನ ವಾಡಿಕೆಗಿಂತ ಹೆಚ್ಚು ಅಕ್ಕಿ ಆಯ್ದು ತಂದಾಗ, ಹೆಚ್ಚಿನದನ್ನು ಅಲ್ಲಿಯೇ ಸುರಿದು ಬರುವಂತೆ ಹೆಂಡತಿ ಲಕ್ಕಮ್ಮ ಹೇಳಿದ ಪ್ರಸಂಗ ಕನ್ನಡಿಗರೆಲ್ಲರಿಗೂ ಗೊತ್ತು. ಹೆಚ್ಚು ಕೂಡಿಸಿದ್ದು ಹುಳ ಬಿದ್ದು ಕೊಳೆತ ಮನ್ನದ ಕಥೆಯನ್ನು ಬೋಧಿಸುವವರು ಲಕ್ಕಮ್ಮನನ್ನು ನೆನೆಯದಿದ್ದರೆ ನಷ್ಟ ನಮ್ಮದೇ. ‘ಸಾಕು’ ಎನ್ನಲು ಬಾರದವನಿಗೆ ನಿಲ್ಲಲೂ ಬಾರದು.

ಭಾನುವಾರದ ಚರಿತ್ರೆಯೂ ನಮ್ಮನ್ನು ವಿನಯಕ್ಕೆ ಕರೆಯುತ್ತದೆ. ಈ ದೇಶದ ಕಾರ್ಮಿಕರಿಗೆ ಭಾನುವಾರದ ರಜೆ ಕ್ರೈಸ್ತ ಸಭೆಯ ಕೊಡುಗೆಯೆಂದು ನಾವು ಸಲೀಸಾಗಿ ನಂಬುತ್ತೇವೆ. ಮುಂಬಯಿಯ ಬಟ್ಟೆ ಗಿರಣಿಗಳ ಕಾರ್ಮಿಕರಿಗೆ ವಾರದ ರಜೆಗಾಗಿ ವರ್ಷಗಟ್ಟಲೆ ಹೋರಾಡಿದವರು ಜೋತಿರಾವ್ ಫುಲೆಯವರ ಸತ್ಯಶೋಧಕ ಸಮಾಜದ ನಾರಾಯಣ ಮೇಘಾಜಿ ಲೋಖಂಡೆ. 1890ರ ಜೂನ್ 10ರಂದು ಗಿರಣಿ ಮಾಲೀಕರು ಆ ಬೇಡಿಕೆಗೆ ಒಪ್ಪಿದರು. ಮುಂದೆ ವೈಸರಾಯ್ ಅವರ ಕಾರ್ಯಕಾರಿ ಮಂಡಳಿಯಲ್ಲಿ ಡಾ. ಬಿ. ಆರ್. ಅಂಬೇಡ್ಕರ್ ಕಾರ್ಮಿಕ ಸದಸ್ಯರಾಗಿದ್ದ ಕಾಲದಲ್ಲಿ, 1946ರ ತಿದ್ದುಪಡಿಯ ಮೂಲಕ, ಕಾರ್ಖಾನೆಗಳಲ್ಲಿ ವಾರದ ದುಡಿಮೆಯ ಮಿತಿ 48 ಗಂಟೆಗೆ ಇಳಿಯಿತು. 1948ರ ಕಾರ್ಖಾನೆಗಳ ಕಾಯ್ದೆ ವಾರದ ರಜೆಯನ್ನು ಉಳಿಸಿಕೊಂಡಿತು. ದಾಸಿಯ ಮಗನ ಉಸಿರಿಗಾಗಿ ಹೋರಾಡಿದವರು ನಮ್ಮ ಬೋಧನಾಪೀಠದಿಂದ ಬಂದವರಲ್ಲ. ಮನೆಗೆಲಸದವರು ಆ ಕಾಯ್ದೆಯ ಹೊರಗೇ ಉಳಿದರು. ಅವರ ಸಬ್ಬತ್ ಇನ್ನೂ ನಮ್ಮ ಮನಸ್ಸಾಕ್ಷಿಯ ಮೇಲೆ ನಿಂತಿದೆ.

6. ಒಂದು ಆಕ್ಷೇಪ

ಇಲ್ಲಿ ಗಂಭೀರವಾದ ಆಕ್ಷೇಪವೊಂದು ಏಳುತ್ತದೆ. ಅನ್ಯಾಯ ನಡೆಯುತ್ತಿರುವಾಗ ‘ನಿಲ್ಲಿ, ತಾಳಿ’ ಎನ್ನುವುದು ಅನ್ಯಾಯ ಮಾಡುವವರಿಗೇ ನೆರವಾಗುವುದಿಲ್ಲವೇ? 1963ರಲ್ಲಿ ಬರ್ಮಿಂಗ್‌ಹ್ಯಾಮ್ ಸೆರೆಮನೆಯಿಂದ ಮಾರ್ಟಿನ್ ಲೂಥರ್ ಕಿಂಗ್ ಬರೆದ ಪತ್ರ ಈ ಆಕ್ಷೇಪವನ್ನು ಎಲ್ಲರಿಗಿಂತ ಬಲವಾಗಿ ಮುಂದಿಟ್ಟಿತು. ಅದು ಉತ್ತರಿಸಿದ್ದು ತಾಳ್ಮೆಯನ್ನು ಬೋಧಿಸಿದ ಧರ್ಮಗುರುಗಳಿಗೆ. ನಮ್ಮಂಥವರಿಗೆ ಎನ್ನೋಣ.

ಎರಡು ವರ್ಷಗಳ ಬಳಿಕ, 1965ರ ಮಾರ್ಚ್‌ನಲ್ಲಿ, ಸೆಲ್ಮಾದಿಂದ ಹೊರಟ ಮೆರವಣಿಗೆಯ ಮುಂದಿನ ಸಾಲಿನಲ್ಲಿ ಕಿಂಗ್ ಅವರೊಡನೆ ನಡೆದವರಲ್ಲಿ ಬಿಳಿಗಡ್ಡದ ಹೆಶಲ್ ಒಬ್ಬರು. ‘ದಿ ಸಬ್ಬತ್’ ಬರೆದ ಕೈಯೇ ಅಲ್ಲಿಯೂ ಇತ್ತು. ಈ ಎರಡು ಕಾರ್ಯಗಳ ನಡುವೆ ಅವರು ವಿರೋಧ ಕಾಣಲಿಲ್ಲ. ವಿರೋಧವಿಲ್ಲವೆಂದು ನಮಗೂ ಅನಿಸುತ್ತದೆ. ‘ತಾಳು’ ಎಂಬ ಬೋಧನೆ ಇನ್ನೊಬ್ಬನ ನ್ಯಾಯವನ್ನು ಮುಂದೂಡುತ್ತದೆ. ಸಬ್ಬತ್ ನನ್ನ ಲಾಭವನ್ನು ಮುಂದೂಡುತ್ತದೆ. ಎರಡನ್ನೂ ಒಂದೇ ಎಂದು ಗ್ರಹಿಸಿದ್ದರಿಂದಲೇ ವಿಶ್ರಾಂತಿಯ ಬೋಧನೆಗೆ ಕೆಟ್ಟ ಹೆಸರು ಬಂದಿದೆ.

ಮಾರ್ಕನ ಸುವಾರ್ತೆಯ ಆರನೆಯ ಅಧ್ಯಾಯ ಇದನ್ನು ಕಥೆಯಾಗಿ ಹೇಳುತ್ತದೆ. ಸ್ನಾನಿಕನಾದ ಯೋಹಾನನ ಶಿರಚ್ಛೇದವಾಗಿದೆ. ಅಪೊಸ್ತಲರು ಸೇವೆಯಿಂದ ಮರಳಿದ್ದಾರೆ. ಊಟಕ್ಕೂ ಅವರಿಗೆ ಬಿಡುವಿಲ್ಲ. ಯೇಸು ಅವರನ್ನು ವಿಶ್ರಾಂತಿಗಾಗಿ ಏಕಾಂತ ಸ್ಥಳಕ್ಕೆ ಕರೆದೊಯ್ಯುತ್ತಾನೆ. ಆದರೆ ಜನರು ಕಾಲುನಡಿಗೆಯಲ್ಲಿ ಓಡಿ ಅವರಿಗಿಂತ ಮೊದಲೇ ಅಲ್ಲಿ ಸೇರುತ್ತಾರೆ. ಈ ಭಾಗವನ್ನು ನಾವು ಸಾಮಾನ್ಯವಾಗಿ, ಸೇವೆಯ ಕರೆ ಬಂದಾಗ ವಿಶ್ರಾಂತಿಯನ್ನು ಬಿಡಬೇಕು ಎಂಬ ಪಾಠವಾಗಿ ಬೋಧಿಸುತ್ತೇವೆ. ದಣಿದ ಸಭಾಪಾಲಕರ ಮೇಲೆ ಇನ್ನೊಂದು ಹೊರೆಯನ್ನು ಹೇರುತ್ತೇವೆ. ಮಾರ್ಕನು ಬರೆದದ್ದು ಬೇರೆ. ವಿಶ್ರಾಂತಿ ಅಲ್ಲಿ ರದ್ದಾಗಲಿಲ್ಲ. ಅದರ ಪಂಕ್ತಿ ಉದ್ದವಾಯಿತು. ಹನ್ನೆರಡು ಮಂದಿಗೆಂದು ಹುಡುಕಿದ ಸ್ಥಳದಲ್ಲಿ ಐದು ಸಾವಿರ ಗಂಡಸರನ್ನು ಹಸುರು ಹುಲ್ಲಿನ ಮೇಲೆ ಸಾಲುಸಾಲಾಗಿ ಒರಗಿ ಕೂರಿಸಲಾಯಿತು. ಕುರುಬನಿಲ್ಲದ ಕುರಿಗಳನ್ನು ಹಸುರುಗಾವಲಿನಲ್ಲಿ ತಂಗಿಸುವ ಇಪ್ಪತ್ತಮೂರನೆಯ ಕೀರ್ತನೆ ಅಲ್ಲಿ ನಡೆದುಹೋಯಿತು. ಊಟ ಬಡಿಸಿದವರು ಶಿಷ್ಯರೇ. ಉಳಿದ ಹನ್ನೆರಡು ಪುಟ್ಟಿಗಳು ಅವರ ಪಾಲಿಗೂ ಇದ್ದವೆಂದು ನಾವು ನಂಬುತ್ತೇವೆ.

7. ಸಭೆಯ ಮುಂದಿರುವ ಕೆಲಸ

ವಿಮರ್ಶೆ ಇಲ್ಲಿಗೆ ನಿಂತರೆ ಅದೂ ವಿಶ್ರಾಂತಿ ಶಿಬಿರದ ಇನ್ನೊಂದು ಉಪನ್ಯಾಸವಾದೀತು. ಆದ್ದರಿಂದ ಕೆಲವು ಸಾಧಾರಣ ಮಾತುಗಳನ್ನು ಸೇರಿಸುತ್ತೇವೆ. ನಮ್ಮ ದೈವಶಾಸ್ತ್ರ ಶಾಲೆಗಳು, ವಿದ್ಯಾರ್ಥಿನಿಲಯಗಳು, ಆಸ್ಪತ್ರೆಗಳು ತಮ್ಮ ಅಡುಗೆಯವರಿಗೂ ಕಾವಲುಗಾರರಿಗೂ ಕಸಗುಡಿಸುವವರಿಗೂ ವಾರದಲ್ಲಿ ಒಂದು ದಿನ ಸಂಬಳಸಹಿತ ರಜೆಯನ್ನು ತಪ್ಪದೆ ಕೊಡುತ್ತಿವೆಯೇ ಎಂದು ಆಡಳಿತ ಮಂಡಳಿಗಳು ಲೆಕ್ಕ ತೆಗೆಯಲಿ. ಭಾನುವಾರ ದೇವಾಲಯದಲ್ಲಿ ಗಂಟೆ ಬಾರಿಸಿ, ಕುರ್ಚಿ ಜೋಡಿಸಿ, ಕೊನೆಗೆ ಬಾಗಿಲು ಮುಚ್ಚುವವನಿಗೆ ಬೇರೆ ಯಾವ ದಿನ ತನ್ನದು ಎಂದು ಸಭಾಸಮಿತಿ ಕೇಳಲಿ. ಆರಾಧನೆಯ ಬೆನ್ನಿಗೇ ಮೂರು ಸಮಿತಿಗಳ ಸಭೆ ಕರೆಯುವ ಪದ್ಧತಿ ನಿಲ್ಲಲಿ. ಸಭಾಪಾಲಕರ ವಾರದ ಬಿಡುವು ಅವರ ಹೆಂಡತಿಗೂ ಬಿಡುವಾಗುವಂತೆ ನೆರೆಯ ಸಭೆಗಳ ಸಭಾಪಾಲಕರು ಒಬ್ಬರ ಹೊರೆಯನ್ನೊಬ್ಬರು ಹೊರಲಿ. ಇಲ್ಲಿ ದೊಡ್ಡ ತತ್ತ್ವವೇನೂ ಇಲ್ಲ. ಆದರೆ ಪ್ರತಿಯೊಂದಕ್ಕೂ ಹಣ ಬೇಕು, ಅಥವಾ ಯಾರೋ ಒಬ್ಬರ ಅನುಕೂಲ ಕಡಿಮೆಯಾಗಬೇಕು. ಸಬ್ಬತ್ತಿಗೆ ಬೆಲೆಯಿದೆ. ಅದನ್ನು ಮನ್ನವನ್ನು ಹೆಚ್ಚು ಕೂಡಿಸಬಲ್ಲವರು ತೆರಬೇಕು.

ಸೆಮಿನರಿಯಲ್ಲಿ ಓದುತ್ತಿರುವ ಕಿರಿಯರಿಗೆ ಒಂದು ಮಾತು. ಹೆಶಲ್, ಕೊಯಾಮ, ಬ್ರೂಗೆಮನ್ ಮೂವರನ್ನೂ ಓದಿರಿ, ನಿಧಾನವಾಗಿ ಓದಿರಿ. ಅವರಿಂದ ಕಾಲವನ್ನು ಗೌರವಿಸಲೂ ನಡೆಯಲೂ ಫರೋಹನನ್ನು ಗುರುತಿಸಲೂ ಕಲಿಯಿರಿ. ಆಮೇಲೆ ಪುಸ್ತಕ ಮುಚ್ಚಿ, ನಿಮ್ಮ ವಿದ್ಯಾರ್ಥಿನಿಲಯದ ಅಡುಗೆಮನೆಗೆ ಹೋಗಿ, ಅಲ್ಲಿ ದುಡಿಯುವವರ ಬಿಡುವಿನ ದಿನ ಯಾವುದೆಂದು ಕೇಳಿರಿ. ಉತ್ತರ ಸಿಕ್ಕದಿದ್ದರೆ, ಆ ದಿನದ ಪಾತ್ರೆಗಳನ್ನು ಯಾರು ತೊಳೆಯಬೇಕೆಂದು ನಿಮ್ಮಲ್ಲೇ ಗೊತ್ತುಮಾಡಿಕೊಳ್ಳಿರಿ.

ಆ ಶಿಬಿರದ ಮಧ್ಯಾಹ್ನ ನಾವು ಆಡಬೇಕಾಗಿದ್ದ ಮಾತು ಇಷ್ಟೇ ಆಗಿತ್ತು. ಅದನ್ನು ತಡವಾಗಿ, ಇಲ್ಲಿ, ಆಡಿದ್ದೇವೆ.